ವೈರಲ್ ಜ್ವರದ ನಂತರ ಥೈರಾಯ್ಡ್ ನೋವು: ಇದು ಕ್ಯಾನ್ಸರಿಗೆ ದಾರಿಯೇ?

ಪ್ರಶ್ನೆ: ನನಗೆ 42 ವರ್ಷ, ಶಿರಸಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಮನೆಮಂದಿಗೆಲ್ಲ ಜ್ವರ, ನೆಗಡಿ ಬಂದು ಹೋಯಿತು. ನಾನು ಚೇತರಿಸಿಕೊಂಡು ಮೂರು ವಾರವಾಗಿತ್ತು, ಕುತ್ತಿಗೆಯ ಮುಂದೆ ಬಲಗಡೆ ನೋವು ಶುರುವಾಗಿ ಕಿವಿ, ದವಡೆಗೂ ಹರಿಯತೊಡಗಿತು. ಹಲ್ಲಿನ ಡಾಕ್ಟರಿಗೆ ತೋರಿಸಿದೆ, ಎರಡು ಸಲ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸಿದೆ, ಕಡಿಮೆಯಾಗಲಿಲ್ಲ. ಆಮೇಲೆ ನೋವು ಎಡಗಡೆಗೆ ಹೊರಳಿತು. ಎದೆ ಡವಡವ, ಕೈನಡುಕ. ನಾಲ್ಕು ಕಿಲೋ ತೂಕ ಇಳಿಯಿತು. ಟಿಎಸ್‌ಎಚ್ 0.02, ಇಎಸ್‌ಆರ್ 88 ಬಂತು. ಥೈರಾಯ್ಡ್ ಜಾಸ್ತಿಯಾಗಿದೆ ಎಂದು ಕಾರ್ಬಿಮಜೋಲ್ ಕೊಟ್ಟರು. ಎರಡು ತಿಂಗಳಲ್ಲಿ ಟಿಎಸ್‌ಎಚ್ 18ಕ್ಕೆ ಏರಿತು. ಈಗ ಆ ಮಾತ್ರೆ ನಿಲ್ಲಿಸಿ ಥೈರಾಕ್ಸಿನ್ 50 ಕೊಟ್ಟಿದ್ದಾರೆ, ಜೀವನಪೂರ್ತಿ ಬೇಕು ಅನ್ನುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ಎರಡೂ ಬದಿ ಕಪ್ಪು ಛಾಯೆ, ಬಲಗಡೆ 6 ಮಿ.ಮೀ. ಗಂಟು ಇದೆಯಂತೆ. ನಮ್ಮಕ್ಕನಿಗೆ ಆರು ವರ್ಷದ ಹಿಂದೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿದೆ. ವೈರಸ್‌ನಿಂದಲೇ ಥೈರಾಯ್ಡ್ ಕ್ಯಾನ್ಸರ್ ಬರುತ್ತದೆ ಎಂಬ ವಿಡಿಯೊ ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ ಡಾಕ್ಟರೇ. ಗ್ರಂಥಿಯನ್ನೇ ತೆಗೆಸಿಬಿಡಲೇ? 16 ವರ್ಷದ ಮಗಳಿಗೂ ಇದು ತಗುಲಬಹುದೇ?

ಉತ್ತರ: ಮೊದಲು ನಿಮ್ಮ ನಿದ್ದೆಗೆ ಬೇಕಾದ ಮಾತು ಹೇಳಿಬಿಡುತ್ತೇನೆ. ಗ್ರಂಥಿ ತೆಗೆಸಬೇಡಿ. ನೀವು ಬರೆದ ಲಕ್ಷಣಗಳು ಒಂದೊಂದೂ ಸಬ್‌ಅಕ್ಯೂಟ್ ಥೈರಾಯ್ಡೈಟಿಸ್ ಎಂಬ, ಥೈರಾಯ್ಡ್ ಗ್ರಂಥಿಯ ಉರಿಯೂತದ ಕಾಯಿಲೆಯ ಕಡೆಗೇ ಬೆರಳು ತೋರಿಸುತ್ತವೆ. ಅದಕ್ಕೂ ನಿಮ್ಮ ಮನೆಗೆ ಬಂದು ಹೋದ ವೈರಲ್ ಜ್ವರಕ್ಕೂ ಸಂಬಂಧ ಇರುವ ಸಾಧ್ಯತೆ ಬಹಳ. ಅದಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲ. ವಿಡಿಯೊದಲ್ಲಿ ಈ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ದಾರಕ್ಕೆ ಪೋಣಿಸಿದ್ದಾರೆ. ಅದನ್ನು ಬಿಡಿಸುವುದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

ಈ ಕಾಯಿಲೆಯನ್ನು 1904ರಲ್ಲಿ ವಿವರವಾಗಿ ದಾಖಲಿಸಿದವರು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕ್ವೆರ್ವೆ. ಇಂದಿಗೂ ಅವರ ಹೆಸರಿನಲ್ಲೇ ಕರೆಯುವವರಿದ್ದಾರೆ. ರೋಗಿ ಕುರ್ಚಿಯಲ್ಲಿ ಕೂರುವ ಮೊದಲೇ ಗುರುತು ಹಿಡಿಯಬಹುದಾದ ಕಾಯಿಲೆಗಳಲ್ಲಿ ಇದೂ ಒಂದು. ಕೆಲವು ವರ್ಷಗಳ ಹಿಂದೆ ಒಬ್ಬರು ತಾಳಿಸರವನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡೇ ನನ್ನ ಕೋಣೆಯ ಒಳಗೆ ಬಂದರು. ಸರ ತಾಗಿದರೂ ಸಹಿಸಲಾಗುತ್ತಿರಲಿಲ್ಲ. ಎಂಜಲು ನುಂಗುವಾಗ ಕಣ್ಣು ಮುಚ್ಚಿ ತಲೆ ಮುಂದಕ್ಕೆ ಬಾಗಿಸುತ್ತಿದ್ದರು. ನಾನು ಕುತ್ತಿಗೆಗೆ ಬೆರಳು ತರುವುದರೊಳಗೆ ಅವರ ಕೈ ಅಡ್ಡ ಬಂತು. ಬಾಯಿ ತೆಗೆಸಿ ಟಾರ್ಚ್ ಹಾಕಿದರೆ ಗಂಟಲು ಸ್ವಚ್ಛ, ಟಾನ್ಸಿಲ್ ಸಣ್ಣದು. ಅವರ ಚೀಲದಲ್ಲಿ ಮೂರು ಬಗೆಯ ಆ್ಯಂಟಿಬಯೋಟಿಕ್‌ಗಳ ಖಾಲಿ ಪಟ್ಟಿಗಳಿದ್ದವು. ನೋವು ಇರುವುದು ಗಂಟಲಿನ ಒಳಗಲ್ಲ, ಅದರ ಮುಂದೆ ಕುಳಿತ ಗ್ರಂಥಿಯಲ್ಲಿ ಎಂಬುದನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ನಿಮಗೆ ಆದದ್ದೂ ಇದೇ. ನೋವು ಕಿವಿಗೆ, ದವಡೆಗೆ ಹರಿಯುವುದರಿಂದ ಜನ ಹಲ್ಲಿನವರ ಹತ್ತಿರ, ಕಿವಿಯವರ ಹತ್ತಿರ ಅಲೆಯುತ್ತಾರೆ. ಒಂದು ಬದಿಯಿಂದ ಇನ್ನೊಂದು ಬದಿಗೆ ನೋವು ಹೊರಳುವುದಂತೂ ಈ ಕಾಯಿಲೆಯ ಹೆಗ್ಗುರುತು. ಮೈಯಲ್ಲಿ ಉರಿಯೂತವಿದ್ದರೆ ಏರುವ ಇಎಸ್‌ಆರ್ ಇದರಲ್ಲಿ 50 ದಾಟುವುದು ಸಾಮಾನ್ಯ, 100 ಮುಟ್ಟಿದ್ದನ್ನೂ ನೋಡಿದ್ದೇನೆ. ನಿಮ್ಮದು 88.

ಒಳಗೆ ಏನಾಗುತ್ತದೆ ಎಂದು ತಿಳಿದರೆ ನಿಮ್ಮ ಟಿಎಸ್‌ಎಚ್ ಯಾಕೆ ಹೀಗೆ ಉಯ್ಯಾಲೆ ಆಡಿತು ಎಂಬುದೂ ತಿಳಿಯುತ್ತದೆ. ಟಿಎಸ್‌ಎಚ್ ಎಂದರೆ ಕೆಲಸ ಮಾಡು ಎಂದು ಥೈರಾಯ್ಡ್‌ಗೆ ಮಿದುಳಿನ ಬುಡದ ಗ್ರಂಥಿ ಕಳಿಸುವ ಸಂದೇಶ; ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾದರೆ ಅದು ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಥೈರಾಯ್ಡ್ ಗ್ರಂಥಿ ಸುಮಾರು 15–20 ಗ್ರಾಂ ತೂಗುತ್ತದೆ, ಅಷ್ಟೇ. ಆದರೆ ನಮ್ಮ ದೇಹದಲ್ಲಿ ಹಾರ್ಮೋನನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಕೂಡಿಡುವ ಗ್ರಂಥಿ ಇನ್ನೊಂದಿಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ. ಪ್ರತಿ ಚೀಲದಲ್ಲೂ ಅಂಟಿನಂಥ ದ್ರವ, ಆ ದ್ರವದಲ್ಲಿ ಹಾರ್ಮೋನ್. ಎರಡು ಮೂರು ತಿಂಗಳಿಗೆ ಸಾಲುವಷ್ಟು ದಾಸ್ತಾನು ಅಲ್ಲಿರುತ್ತದೆ, ಪಣತದಲ್ಲಿ ಭತ್ತ ತುಂಬಿಟ್ಟ ಹಾಗೆ. ಉರಿಯೂತದಿಂದ ಈ ಚೀಲಗಳ ಗೋಡೆ ಒಡೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಚೀಲದ ಸುತ್ತ ಹಲವು ಕೋಶಕೇಂದ್ರಗಳುಳ್ಳ ದೈತ್ಯ ಕೋಶಗಳು ಸೇರಿಕೊಂಡು, ಚೆಲ್ಲಿದ ದ್ರವವನ್ನು ನುಂಗುತ್ತಿರುವುದು ಕಾಣುತ್ತದೆ. ಕೂಡಿಟ್ಟದ್ದೆಲ್ಲ ಒಮ್ಮೆಲೇ ರಕ್ತಕ್ಕೆ ಹರಿದಾಗ ಎದೆ ಡವಡವ, ಕೈನಡುಕ, ತೂಕ ಇಳಿಕೆ, ಟಿಎಸ್‌ಎಚ್ ಪಾತಾಳಕ್ಕೆ. ದಾಸ್ತಾನು ಬರಿದಾದ ಮೇಲೆ, ಗಾಯಗೊಂಡ ಗ್ರಂಥಿ ಹೊಸದನ್ನು ತಯಾರಿಸಲಾರದೆ ಹಾರ್ಮೋನ್ ಕೊರತೆಯಾಗುತ್ತದೆ. ಟಿಎಸ್‌ಎಚ್ ಏರುತ್ತದೆ. ಬಳಿಕ ಗೋಡೆಗಳು ಮತ್ತೆ ಕಟ್ಟಿಕೊಂಡು ಹೆಚ್ಚಿನವರಲ್ಲಿ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ.

ಕಾರ್ಬಿಮಜೋಲ್ ಇಲ್ಲಿ ಕೆಲಸಕ್ಕೆ ಬಾರದಿರುವುದು ಇದಕ್ಕೇ. ಅದು ಹಾರ್ಮೋನ್ ತಯಾರಿಕೆಯನ್ನು ತಡೆಯುವ ಔಷಧ. ನಿಮ್ಮ ಗ್ರಂಥಿ ಹೆಚ್ಚು ತಯಾರಿಸುತ್ತಿರಲಿಲ್ಲ, ಇದ್ದದ್ದನ್ನು ಸೋರಿಸುತ್ತಿತ್ತು. ಟಿಎಸ್‌ಎಚ್ 18ಕ್ಕೆ ಏರಿದ್ದರಲ್ಲಿ ಆ ಮಾತ್ರೆಯ ಪಾಲೂ ಸ್ವಲ್ಪ ಇದ್ದೀತು. ಟಿಎಸ್‌ಎಚ್ ತಗ್ಗಿದಾಗ ಗ್ರಂಥಿ ಹಾರ್ಮೋನನ್ನು ಅತಿಯಾಗಿ ತಯಾರಿಸುವ ಗ್ರೇವ್ಸ್ ಕಾಯಿಲೆಯೋ ಉರಿಯೂತವೋ ಎಂದು ಬೇರ್ಪಡಿಸಲು ಒಂದು ಒಳ್ಳೆಯ ದಾರಿ, ಗ್ರಂಥಿ ಎಷ್ಟು ಚುರುಕಾಗಿದೆ ಎಂದು ತೋರಿಸುವ ಟೆಕ್ನೀಷಿಯಂ ಸ್ಕ್ಯಾನ್: ಗ್ರೇವ್ಸ್‌ನಲ್ಲಿ ಗ್ರಂಥಿ ದೀಪದ ಹಾಗೆ ಬೆಳಗುತ್ತದೆ, ಇದರಲ್ಲಿ ಕತ್ತಲೆ. ಆ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ, ನಿಜ. ಆದರೆ ನೋವು ಮತ್ತು ಇಎಸ್‌ಆರ್ ಎರಡನ್ನೂ ಕೂಡಿಸಿ ನೋಡಿದರೆ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ. ಬೇಕಾಗುವ ಔಷಧ ನೋವು ನಿವಾರಕ, ಎದೆಬಡಿತಕ್ಕೆ ಪ್ರೊಪ್ರನಲಾಲ್, ನೋವು ತೀವ್ರವಾಗಿದ್ದರೆ ಕೆಲವು ವಾರ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನದಲ್ಲೇ ನೋವು ಇಳಿಯುವುದನ್ನು ನೋಡಿದರೆ ರೋಗಿಗಷ್ಟೇ ಅಲ್ಲ, ವೈದ್ಯರಿಗೂ ಸಮಾಧಾನ.

ಇನ್ನು ವೈರಸ್‌ನ ಪಾತ್ರ. ಈ ಕಾಯಿಲೆಯಲ್ಲಿ ಅದರ ಮೇಲಿನ ಅನುಮಾನಕ್ಕೆ ಗಟ್ಟಿ ಆಧಾರಗಳಿವೆ. ನೋವು ಶುರುವಾಗುವ ಎರಡರಿಂದ ಎಂಟು ವಾರ ಮೊದಲು ಜ್ವರ, ನೆಗಡಿ ಬಂದುಹೋದ ಕಥೆಯನ್ನು ಬಹಳಷ್ಟು ರೋಗಿಗಳು ಹೇಳುತ್ತಾರೆ. 1950ರ ದಶಕದಲ್ಲಿ ಇಸ್ರೇಲಿನಲ್ಲಿ ಮಂಗನಬಾವು ಹರಡಿದಾಗ ಅದರ ಬೆನ್ನಿಗೇ ಇಂಥ ಥೈರಾಯ್ಡ್ ನೋವಿನ ರೋಗಿಗಳೂ ಗುಂಪಾಗಿ ಬಂದರು. ಕೆನ್ನೆ ಊದಿಕೊಳ್ಳದ ಕೆಲವರ ರಕ್ತದಲ್ಲೂ ಮಂಗನಬಾವಿನ ಪ್ರತಿಕಾಯಗಳು ಸಿಕ್ಕವು. ಕಾಕ್ಸ್ಯಾಕಿ, ಅಡಿನೊ, ಇನ್‌ಫ್ಲುಯೆಂಜಾ, ದಡಾರದ ವೈರಸ್‌ಗಳ ಹೆಸರೂ ಈ ಸಾಲಿನಲ್ಲಿವೆ. 2020ರಲ್ಲಿ ಕೋವಿಡ್ ಬಂದ ಮೊದಲ ತಿಂಗಳುಗಳಲ್ಲೇ ಇಟಲಿಯ ಪೀಸಾ ನಗರದ ವೈದ್ಯರು, ಸೋಂಕಿನಿಂದ ಚೇತರಿಸಿಕೊಂಡ ಕೆಲವೇ ದಿನಗಳಲ್ಲಿ ಕುತ್ತಿಗೆ ನೋವಿನಿಂದ ಬಂದ 18 ವರ್ಷದ ಯುವತಿಯೊಬ್ಬಳ ವಿವರವನ್ನು ಪ್ರಕಟಿಸಿದರು. ಆಮೇಲೆ ಎಲ್ಲೆಡೆಯಿಂದ ಅಂಥ ವರದಿಗಳು ಬಂದವು. ಕೊರೊನಾ ವೈರಸ್ ಕೋಶದೊಳಗೆ ನುಗ್ಗಲು ಬಳಸುವ ಎಸಿಇ-2 ಎಂಬ ಬಾಗಿಲು ಥೈರಾಯ್ಡ್ ಕೋಶಗಳಲ್ಲೂ ಇದೆ. ಡೆಂಗಿಯ ನಂತರ ಹೀಗಾದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಹಾಗಾದರೆ ನಿಮ್ಮ ಮನೆಯಲ್ಲಿ ಎಲ್ಲರಿಗೂ ಜ್ವರ ಬಂದರೂ ಗ್ರಂಥಿ ನೊಂದದ್ದು ನಿಮಗೊಬ್ಬರಿಗೇ ಯಾಕೆ? ಈ ಕಾಯಿಲೆ ಬಂದವರಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ ಎಚ್‌ಎಲ್‌ಎ-ಬಿ35 ಎಂಬ ಆನುವಂಶಿಕ ಗುರುತು ಇರುತ್ತದೆ. ಬೇರೆಯವರ ದೇಹ ಗಮನಿಸದೆ ಬಿಡುವ ವೈರಸ್ ತುಣುಕಿಗೆ ಇವರ ರೋಗನಿರೋಧಕ ಪಡೆ ಕೆರಳಿ, ಆ ಹೋರಾಟದಲ್ಲಿ ಥೈರಾಯ್ಡ್ ಕೋಶಗಳೂ ಪೆಟ್ಟು ತಿನ್ನುತ್ತವೆ ಎಂಬುದು ನಮ್ಮ ಈಗಿನ ತಿಳಿವಳಿಕೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಮಗಳ ವಿಷಯಕ್ಕೂ ಉತ್ತರ ಇಲ್ಲೇ ಇದೆ. ಜ್ವರ ಒಬ್ಬರಿಂದ ಒಬ್ಬರಿಗೆ ಹರಡೀತು, ಥೈರಾಯ್ಡ್ ಉರಿಯೂತ ಹರಡುವುದಿಲ್ಲ. ಅವಳ ತಟ್ಟೆ ಲೋಟ ಬೇರೆ ಮಾಡಿದ್ದರೆ ಇವತ್ತೇ ನಿಲ್ಲಿಸಿ.

ಥೈರಾಯ್ಡ್‌ನ ಉಳಿದ ಕಾಯಿಲೆಗಳಲ್ಲಿ ವೈರಸ್‌ನ ಪಾತ್ರ ಇಷ್ಟು ನಿಚ್ಚಳವಲ್ಲ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ವಿವರಿಸಿದ, ಇವತ್ತು ನಮ್ಮಲ್ಲಿ ಮನೆಗೊಬ್ಬರಂತೆ ಕಾಣುವ ಹಶಿಮೊಟೊ ಕಾಯಿಲೆಯಾಗಲಿ, ಗ್ರೇವ್ಸ್ ಆಗಲಿ, ದೇಹದ ರಕ್ಷಣಾಪಡೆ ತನ್ನ ಗ್ರಂಥಿಯ ಮೇಲೇ ತಿರುಗಿಬೀಳುವುದರಿಂದ ಬರುವಂಥವು. ಡೆನ್ಮಾರ್ಕಿನಲ್ಲಿ ಅವಳಿಗಳ ಮೇಲೆ ನಡೆದ ಅಧ್ಯಯನಗಳ ಲೆಕ್ಕದಲ್ಲಿ ಗ್ರೇವ್ಸ್ ಬರುವ ಒಲವಿನ ಸುಮಾರು ಶೇ. 80 ಪಾಲು ವಂಶವಾಹಿಗಳದ್ದು. ಉಳಿದ ಪಾಲಿನಲ್ಲಿ ಅಯೋಡಿನ್, ಸಿಗರೇಟು, ಬಾಣಂತನ, ಕೆಲವು ಔಷಧಗಳು, ಇವುಗಳ ನಡುವೆ ಸೋಂಕೂ ಒಂದು. ಹೆಪಟೈಟಿಸ್-ಸಿ ಇರುವವರಲ್ಲಿ ಥೈರಾಯ್ಡ್ ಸ್ವಯಂರೋಧಕ ಕಾಯಿಲೆ ಹೆಚ್ಚು ಕಾಣುತ್ತದೆ. ಇದರಲ್ಲಿ ಕಲಿಯುವಂಥದ್ದೊಂದಿದೆ. ಹಿಂದೆ ಆ ವೈರಸ್‌ಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದಿನಿಂದಲೇ ಎಷ್ಟೋ ಜನರ ಥೈರಾಯ್ಡ್ ಕೆಟ್ಟಿತು. ಇಂಟರ್‌ಫೆರಾನ್ ಎಂದರೆ ವೈರಸ್ ಬಂದಾಗ ನಮ್ಮ ಕೋಶಗಳೇ ಹೊರಡಿಸುವ ಅಪಾಯದ ಕೂಗು. ವೈರಸ್ ಗ್ರಂಥಿಯೊಳಗೆ ಕಾಲಿಡದಿದ್ದರೂ ಆ ಕೂಗೊಂದೇ ಗ್ರಂಥಿಯನ್ನು ಕೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ಗರ್ಭದಲ್ಲಿದ್ದಾಗ ರುಬೆಲ್ಲಾ ತಗುಲಿದ ಮಕ್ಕಳಲ್ಲಿ ಮುಂದೆ ಥೈರಾಯ್ಡ್ ತೊಂದರೆ, ಮಧುಮೇಹ ಹೆಚ್ಚು ಎಂಬುದೂ ತಿಳಿದದ್ದೇ. 2017ರ ಫೆಬ್ರವರಿಯಲ್ಲಿ ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಿಮ್ಮ ಮಗಳಿಗೆ ಆಗ ಶಾಲೆಯಲ್ಲಿ ಹಾಕಿರಬಹುದು. ಹಾಕಿಸಿದ್ದು ಒಳ್ಳೆಯದೇ ಆಯಿತು.

ಈಗ ಕ್ಯಾನ್ಸರ್. ವೈರಸ್‌ಗಳು ಕ್ಯಾನ್ಸರ್ ತರುತ್ತವೆ ಎಂಬ ಮಾತು ಸುಳ್ಳಲ್ಲ. ಎಚ್‌ಪಿವಿಯಿಂದ ಗರ್ಭಕಂಠದ ಕ್ಯಾನ್ಸರ್, ಹೆಪಟೈಟಿಸ್-ಬಿ ಮತ್ತು ಸಿಯಿಂದ ಲಿವರ್ ಕ್ಯಾನ್ಸರ್, 1964ರಲ್ಲಿ ಕಂಡುಹಿಡಿದ ಎಪ್‌ಸ್ಟೈನ್-ಬಾರ್ ವೈರಸ್‌ನಿಂದ ಕೆಲವು ಬಗೆಯ ಲಿಂಫೋಮಾ (ಬಿಳಿ ರಕ್ತಕಣಗಳ ಕ್ಯಾನ್ಸರ್), ಮೂಗಿನ ಹಿಂಬದಿಯ ಕ್ಯಾನ್ಸರ್. ಎಚ್‌ಪಿವಿ ಸಂಬಂಧ ತೋರಿಸಿಕೊಟ್ಟ ಹರಾಲ್ಡ್ ಜುರ್ ಹೌಸೆನ್ 2008ರಲ್ಲಿ ನೊಬೆಲ್ ಪಡೆದರು. ಆದರೆ ಥೈರಾಯ್ಡ್ ಕ್ಯಾನ್ಸರಿಗೆ ಕಾರಣ ಎಂದು ಒಪ್ಪಿತವಾದ ವೈರಸ್ ಒಂದೂ ಇಲ್ಲ.

‘ಥೈರಾಯ್ಡ್ ಗಡ್ಡೆಯಲ್ಲಿ ವೈರಸ್ ಸಿಕ್ಕಿದೆ’ ಎಂದು ವಿಡಿಯೊದಲ್ಲಿ ಹೇಳಿರುತ್ತಾರೆ. ಸಿಕ್ಕಿದೆ, ಹೌದು. ಆ ಮಾತನ್ನು ಹೇಗೆ ಓದಬೇಕು ಎಂಬುದೇ ಮುಖ್ಯ. ಎಪ್‌ಸ್ಟೈನ್-ಬಾರ್ ವೈರಸ್ ಲೋಕದ ಹತ್ತು ವಯಸ್ಕರಲ್ಲಿ ಒಂಬತ್ತಕ್ಕೂ ಹೆಚ್ಚು ಜನರ ಮೈಯಲ್ಲಿದೆ, ನಿಮ್ಮಲ್ಲೂ ನನ್ನಲ್ಲೂ ಇರಬಹುದು. ಅದು ಅಡಗಿ ಕೂರುವುದು ಬಿಳಿ ರಕ್ತಕಣಗಳಲ್ಲಿ. ಹಶಿಮೊಟೊ ಇರುವ ಗ್ರಂಥಿಯಲ್ಲಿ ಬಿಳಿ ರಕ್ತಕಣಗಳು ಸಂತೆ ಸೇರಿರುತ್ತವೆ. ಅಂಥ ಗ್ರಂಥಿಯ ಚೂರನ್ನು, ವೈರಸ್‌ನ ವಂಶವಾಹಿಯ ಸಣ್ಣ ತುಣುಕನ್ನೂ ಹಿಡಿಯುವ ಪಿಸಿಆರ್ ಪರೀಕ್ಷೆಗೆ ಹಾಕಿದರೆ ವೈರಸ್ ಸಿಗದಿದ್ದರೇ ಆಶ್ಚರ್ಯ. ಬೆಂಕಿ ಬಿದ್ದ ಮನೆಯ ಮುಂದೆ ನೆರೆದವರಲ್ಲಿ ಯಾರು ಕಡ್ಡಿ ಗೀರಿದವರು, ಯಾರು ನೀರು ಹೊತ್ತು ತಂದವರು ಎಂಬುದು ಅವರು ಅಲ್ಲಿ ನಿಂತಿದ್ದಾರೆ ಎಂಬುದರಿಂದ ಗೊತ್ತಾಗುವುದಿಲ್ಲ.

ಈ ವಿಷಯದಲ್ಲಿ ಎಸ್‌ವಿ-40 ಎಂಬ ಮಂಗನ ವೈರಸ್‌ನ ಪ್ರಸಂಗವನ್ನು ನಾನು ಕಿರಿಯ ವೈದ್ಯರಿಗೆ ತಪ್ಪದೆ ಹೇಳುತ್ತೇನೆ. 1955ರಿಂದ 1963ರವರೆಗೆ ಕೆಲವು ದೇಶಗಳಲ್ಲಿ ಕೊಟ್ಟ ಪೋಲಿಯೊ ಲಸಿಕೆಯ ಒಂದಷ್ಟು ಭಾಗದಲ್ಲಿ ಇದು ಬೆರೆತಿತ್ತು, ಯಾಕೆಂದರೆ ಆ ಲಸಿಕೆಯನ್ನು ಬೆಳೆಸುತ್ತಿದ್ದದ್ದು ಮಂಗಗಳ ಮೂತ್ರಪಿಂಡದ ಕೋಶಗಳಲ್ಲಿ. 1990ರ ದಶಕದಲ್ಲಿ ಪಿಸಿಆರ್ ಬಂದ ಮೇಲೆ ಹಲವು ಬಗೆಯ ಗಡ್ಡೆಗಳಲ್ಲಿ, ಥೈರಾಯ್ಡ್ ಕ್ಯಾನ್ಸರ್‌ನ ಅತಿ ಸಾಮಾನ್ಯ ಬಗೆಯಾದ ಪ್ಯಾಪಿಲರಿ ಕ್ಯಾನ್ಸರ್‌ನಲ್ಲೂ, ಇದರ ತುಣುಕು ಸಿಕ್ಕಿತೆಂಬ ಪ್ರಬಂಧಗಳು ಬಂದವು. ಆತಂಕ ಹಬ್ಬಿತು. ಮುಂದೆ ಶ್ವಾಸಕೋಶದ ಹೊದಿಕೆಯ ಗಡ್ಡೆಗಳನ್ನು ಮತ್ತೆ ಪರೀಕ್ಷಿಸಿದವರು ಕಂಡುಕೊಂಡದ್ದು ಬೇರೆ: ಪ್ರಯೋಗಾಲಯಗಳಲ್ಲಿ ದಿನನಿತ್ಯ ಬಳಸುವ ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಗಳಲ್ಲಿಯೇ ಈ ವೈರಸ್‌ನ ತುಣುಕುಗಳಿದ್ದವು, ಪರೀಕ್ಷೆ ಅವನ್ನೇ ಹಿಡಿದು ‘ಸಿಕ್ಕಿತು’ ಎನ್ನುತ್ತಿತ್ತು. ಆ ಲಸಿಕೆ ಪಡೆದವರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನಗಳಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಇಂದಿನ ಪೋಲಿಯೊ ಲಸಿಕೆಯಲ್ಲಿ ಆ ವೈರಸ್ ಇಲ್ಲ. ಒಂದು ಪ್ರಬಂಧದ ತಲೆಬರಹ ಹಿಡಿದು ವಿಡಿಯೊ ಮಾಡುವವರಿಗೆ ಆಮೇಲಿನ ಹತ್ತು ವರ್ಷದ ಈ ತಪಾಸಣೆಯ ಕಥೆ ತಲುಪಿರುವುದಿಲ್ಲ.

ಕ್ಯಾನ್ಸರಿಗೆ ವೈರಸ್ ಮೂಲವಾಗಿದ್ದರೆ ಇನ್ನೆರಡು ಸುಳಿವು ಸಿಗಬೇಕು. ಒಂದು, ಗಡ್ಡೆಯ ಕೋಶಗಳಲ್ಲಿ ವೈರಸ್‌ನ ವಂಶವಾಹಿಗಳು ಕೆಲಸ ಮಾಡುತ್ತಿರಬೇಕು. ಸಾವಿರಾರು ಗಡ್ಡೆಗಳ ಆರ್‌ಎನ್‌ಎಯನ್ನು ಜಾಲಾಡಿದ ಅಧ್ಯಯನಗಳಲ್ಲಿ ಗರ್ಭಕಂಠ, ಲಿವರ್‌ನ ಗಡ್ಡೆಗಳಲ್ಲಿ ವೈರಸ್ ಎದ್ದು ಕಂಡಿತು. ಥೈರಾಯ್ಡ್‌ನಲ್ಲಿ ಅಂಥ ಗುರುತಿಲ್ಲ. ಎರಡು, ರೋಗನಿರೋಧಕ ಶಕ್ತಿ ಕುಸಿದಾಗ ವೈರಸ್ ಮೂಲದ ಕ್ಯಾನ್ಸರ್‌ಗಳು ಜಿಗಿಯುತ್ತವೆ. ಎಚ್‌ಐವಿ ಇರುವವರಲ್ಲಿ ಲಿಂಫೋಮಾ, ಗರ್ಭಕಂಠದ ಕ್ಯಾನ್ಸರ್, ಕಪೋಸಿ ಸಾರ್ಕೋಮಾ ಹಾಗೇ ಜಿಗಿದವು. ಥೈರಾಯ್ಡ್ ಕ್ಯಾನ್ಸರ್ ಜಿಗಿಯಲಿಲ್ಲ. ನನ್ನ ಮಟ್ಟಿಗೆ ಈ ಎರಡನೆಯ ಮಾತು ಹತ್ತು ಪಿಸಿಆರ್ ವರದಿಗಳಿಗಿಂತ ತೂಕದ್ದು. ಹೆಪಟೈಟಿಸ್-ಸಿ ರೋಗಿಗಳಲ್ಲಿ ಪ್ಯಾಪಿಲರಿ ಕ್ಯಾನ್ಸರ್ ತುಸು ಹೆಚ್ಚು ಎಂದ ಅಧ್ಯಯನಗಳು ಇಟಲಿಯಿಂದ ಬಂದಿವೆ. ಸಂಖ್ಯೆಗಳು ಸಣ್ಣವು, ಸಂಶೋಧನೆ ಮುಂದುವರಿಯಲಿ. ನಿಮ್ಮ ಕುತ್ತಿಗೆಯ ಬಗ್ಗೆ ತೀರ್ಮಾನಿಸುವುದಕ್ಕೆ ಅವು ಸಾಲುವುದಿಲ್ಲ.

ಖಚಿತವಾಗಿ ಗೊತ್ತಿರುವ ಕಾರಣ ಬಾಲ್ಯದಲ್ಲಿ ತಗಲುವ ವಿಕಿರಣ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಹೊರಬಿದ್ದ ವಿಕಿರಣಶೀಲ ಅಯೋಡಿನ್ ಹುಲ್ಲಿಗೆ, ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಬೆಲಾರೂಸ್, ಉಕ್ರೇನ್, ರಷ್ಯಾದ ಮಕ್ಕಳ ಗ್ರಂಥಿಗೆ ಸೇರಿತು. ನಾಲ್ಕೈದು ವರ್ಷಗಳಲ್ಲೇ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರತೊಡಗಿತು. ಕಾರಣ ಎಂದರೆ ಹೀಗಿರುತ್ತದೆ: ಪ್ರಮಾಣ ಹೆಚ್ಚಿದ ಹಾಗೆ ರೋಗ ಹೆಚ್ಚು, ದಾರಿ ಸ್ಪಷ್ಟ, ಗಡ್ಡೆಯ ವಂಶವಾಹಿಯಲ್ಲಿ ಅದರದೇ ಗಾಯ.

ಇನ್ನು ನಿಮ್ಮ 6 ಮಿ.ಮೀ. ಗಂಟು. ಉರಿಯೂತವಿರುವ ಗ್ರಂಥಿಯ ಸ್ಕ್ಯಾನಿಂಗ್‌ನಲ್ಲಿ ಕಪ್ಪು ತೇಪೆಗಳು ಗಂಟಿನ ಹಾಗೇ ಕಾಣುತ್ತವೆ, ಗುಣವಾದ ಮೇಲೆ ಮಾಯವಾಗುತ್ತವೆ. ನಿಜವಾದ ಗಂಟೇ ಆಗಿದ್ದರೂ 1 ಸೆಂ.ಮೀ.ಗಿಂತ ಸಣ್ಣದಕ್ಕೆ ಸಾಮಾನ್ಯವಾಗಿ ಸೂಜಿ ಪರೀಕ್ಷೆ ಬೇಡ. ಪಕ್ಕದ ಲಿಂಫ್ ಗ್ರಂಥಿಗಳು ಅನುಮಾನ ಹುಟ್ಟಿಸಿದರೆ ಮಾತು ಬೇರೆ. 1985ರಲ್ಲಿ ಫಿನ್ಲೆಂಡಿನಲ್ಲಿ ಬೇರೆ ಕಾರಣಗಳಿಂದ ತೀರಿಕೊಂಡ 101 ಜನರ ಥೈರಾಯ್ಡನ್ನು ತೆಳುವಾಗಿ ಸೀಳಿ ನೋಡಿದಾಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಸಿಕ್ಕಿತು. ಬದುಕಿದ್ದಾಗ ಅದು ಅವರನ್ನು ಕಾಡಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಉಳಿದ ಕ್ಯಾನ್ಸರ್ ತಪಾಸಣೆಯ ಜೊತೆಗೆ ಅಗ್ಗದಲ್ಲಿ ಕುತ್ತಿಗೆಯ ಸ್ಕ್ಯಾನಿಂಗ್ ಕೂಡ ಮಾಡತೊಡಗಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಾವಿರಾರು ಜನ ಗ್ರಂಥಿ ಕಳೆದುಕೊಂಡು ಜೀವನಪೂರ್ತಿ ಮಾತ್ರೆಗೆ ಬಿದ್ದರು, ಕೆಲವರ ದನಿ ಕೆಟ್ಟಿತು, ಕೆಲವರ ಕ್ಯಾಲ್ಸಿಯಂ ಕುಸಿಯಿತು. ಗ್ರಂಥಿ ತೆಗೆಸಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದದ್ದು ಇದನ್ನೆಲ್ಲ ಬಲ್ಲದ್ದರಿಂದ.

ಹಾಗೆಂದು ಗಂಟನ್ನು ಮರೆತುಬಿಡಿ ಎನ್ನುತ್ತಿಲ್ಲ. ನೋವು ಪೂರ್ತಿ ಇಳಿದು ಇಎಸ್‌ಆರ್ ಸಹಜಕ್ಕೆ ಬಂದ ಎರಡು ಮೂರು ತಿಂಗಳ ನಂತರ ಸ್ಕ್ಯಾನಿಂಗ್ ಮತ್ತೊಮ್ಮೆ ಮಾಡಿಸಿ, ಆದಷ್ಟೂ ಅದೇ ಕೇಂದ್ರದಲ್ಲಿ. ಥೈರಾಕ್ಸಿನ್ ಜೀವನಪೂರ್ತಿ ಬೇಕೆಂದು ಈಗಲೇ ಹೇಳಲಾಗದು. ಈ ಕಾಯಿಲೆಯಲ್ಲಿ ಕೊರತೆ ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಐದರಿಂದ ಹದಿನೈದು ಜನರಿಗೆ ಮಾತ್ರ. ಆರು ತಿಂಗಳು ತೆಗೆದುಕೊಳ್ಳಿ, ಆಮೇಲೆ ನಿಮ್ಮ ವೈದ್ಯರ ಜೊತೆ ಮಾತಾಡಿ ಪ್ರಮಾಣ ಇಳಿಸಿ, ನಿಲ್ಲಿಸಿ, ಆರು ವಾರಕ್ಕೆ ಟಿಎಸ್‌ಎಚ್ ನೋಡಿ. ನೀವಾಗಿಯೇ ನಿಲ್ಲಿಸಬೇಡಿ. ಇನ್ನೊಂದು ಸಣ್ಣ ವಿಷಯ: ಜ್ವರದ ನಂತರ ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಬಿಡಿ. ಅದು ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ವೈರಸ್ ಅಲ್ಲ, ಅಕ್ಕನ ಕ್ಯಾನ್ಸರ್ ಬಗ್ಗೆ ಬರೆದ ಒಂದು ಸಾಲು. ಅದು ಯಾವ ಬಗೆಯದು ಎಂದು ನೀವು ಹೇಳಿಲ್ಲ. ಅಕ್ಕನ ಮನೆಗೆ ಹೋದಾಗ ಆಪರೇಷನ್ನಿನ ಫೈಲ್ ಕೇಳಿ, ಅದರಲ್ಲಿ ಬಯಾಪ್ಸಿ ರಿಪೋರ್ಟ್ ಹುಡುಕಿ. ಹೆಚ್ಚಿನಂಶ ಅದರಲ್ಲಿ ಪ್ಯಾಪಿಲರಿ ಎಂದಿರುತ್ತದೆ. ಹಾಗಿದ್ದರೆ ತಂಗಿಯಾದ ನಿಮಗೆ ಅಪಾಯ ಬೇರೆಯವರಿಗಿಂತ ಹೆಚ್ಚು, ಆದರೂ ಒಟ್ಟಾರೆ ಕಡಿಮೆಯೇ. ಮೇಲೆ ಹೇಳಿದ ಸ್ಕ್ಯಾನಿಂಗ್ ಸಾಕು, ಮಗಳಿಗೆ ಏನೂ ಬೇಡ. ಮೆಡುಲರಿ ಎಂಬ ಶಬ್ದ ಕಂಡರೆ ಮಾತ್ರ ತಡಮಾಡಬೇಡಿ. ಆ ಬಗೆಯ ನಾಲ್ಕರಲ್ಲಿ ಒಂದು ಆರ್‌ಇಟಿ ಎಂಬ ವಂಶವಾಹಿಯ ದೋಷದಿಂದ ಮನೆತನದಲ್ಲಿ ಇಳಿದು ಬರುತ್ತದೆ. ಮೊದಲು ಅಕ್ಕನಿಗೆ ಆ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿ, ಆಗಿಲ್ಲದಿದ್ದರೆ ಮಾಡಿಸಿ. ಅವರಲ್ಲಿ ದೋಷ ಸಿಕ್ಕರೆ ಆಮೇಲೆ ನಿಮಗೆ, ಮತ್ತೆ ಅಕ್ಕನ ಮಕ್ಕಳಿಗೆ. ಜೊತೆಗೆ ನಿಮ್ಮ ರಕ್ತದಲ್ಲಿ, ಮೆಡುಲರಿ ಗಡ್ಡೆ ಹೊರಡಿಸುವ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್ ಕೂಡ ನೋಡಬೇಕಾಗುತ್ತದೆ. ಆ ರಿಪೋರ್ಟಿನ ಫೋಟೊ ತೆಗೆದು ನಿಮ್ಮ ವೈದ್ಯರಿಗೆ ತೋರಿಸಿ, ನನಗೂ ಕಳಿಸಿ.